ಚಾಪೆಯ ತುದಿಯ ಆರನೆಯವರು

ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ನನಗೆ ಗೊತ್ತಿಲ್ಲದ ವಿಷಯ ಯಾವುದೂ ಇರಲಿಲ್ಲ. ಗೊತ್ತಿದ್ದುದೆಲ್ಲ ಒಂದೊಂದಾಗಿ ಸುಳ್ಳಾಗುತ್ತಾ ಈಗಿನ ಪ್ರಾಯಕ್ಕೆ ಬಂದು ಮುಟ್ಟಿದ್ದೇನೆ. ಆಗ ನಾನು ಮಂಗಳೂರಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಜೆಪ್ಪುವಿನ ಒಂದು ಹಂಚಿನ ಮನೆಯಲ್ಲಿ ನಾನು ಮತ್ತು ಅಮ್ಮ, ಇಬ್ಬರೇ ಬಾಡಿಗೆಗಿದ್ದೆವು. ದೇಶ ಇನ್ನೂ ಬ್ರಿಟಿಷರ ಕೈಯಲ್ಲಿತ್ತು. ಅದನ್ನು ಬಿಡಿಸುವ ಕೆಲಸವನ್ನು ದೊಡ್ಡವರು ನೋಡಿಕೊಳ್ಳುತ್ತಿದ್ದುದರಿಂದ ನನ್ನಂಥವರ ಪಾಲಿಗೆ ಸಣ್ಣಪುಟ್ಟ ಉದ್ಧಾರಗಳು ಉಳಿದಿದ್ದವು.

ನಾನು ಆರಿಸಿಕೊಂಡದ್ದು ಬೀದಿಯಲ್ಲಿ ಮಲಗುವವರ ಉದ್ಧಾರ. ಅವರಿಗೆ ಸಹಾಯ ಮಾಡಬೇಕೇ, ಮಾಡಬಾರದೇ, ಮಾಡುವುದಾದರೆ ಹೇಗೆ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಡುತ್ತಿತ್ತು. ಅಮ್ಮನನ್ನು ಅದು ಎಳ್ಳಷ್ಟೂ ಕಾಡುತ್ತಿರಲಿಲ್ಲ. ಅಂಗಳದ ತುದಿಯಲ್ಲಿ ಯಾರಾದರೂ ಬಂದು ನಿಂತರೆ ಅವಳು ಗಂಜಿ ಕೊಡುತ್ತಿದ್ದಳು, ಬದಿಗೆ ಒಂದು ತುಂಡು ಉಪ್ಪಿನಕಾಯಿ. ಯಾರು, ಎಲ್ಲಿಯವರು, ಯಾಕೆ ಹೀಗಾದಿರಿ ಎಂದು ಒಂದು ಮಾತೂ ಕೇಳುತ್ತಿರಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮನೆಯಲ್ಲಿ ನಮ್ಮದು ತುಳು. ಓದುವವರಿಗಾಗಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಆದರೆ ಒಂದು ದಿನ ಅಮ್ಮನ ಬಾಯಿ ಮುಚ್ಚಿಸಲೆಂದೇ ನಾನು ಪುಸ್ತಕದ ಮಾತೊಂದನ್ನು ಎಸೆದಿದ್ದೆ.

"ಅಮ್ಮಾ, ಇದು ಅಪಾತ್ರ ದಾನ."

ಅಮ್ಮ ಸ್ವಲ್ಪ ಯೋಚನೆ ಮಾಡಿದಳು. "ಪಾತ್ರೆ ಇಲ್ಲದಿದ್ದರೆ ಎಂತ ಈಗ? ಬಾಳೆಲೆಯಲ್ಲಿ ಹಾಕಿ ಕೊಡುವ" ಎಂದಳು.

ಇಂಥವರೊಡನೆ ವಾದ ಮಾಡಿ ಪ್ರಯೋಜನವಿಲ್ಲವೆಂದು ನಾನು ಸಮಿತಿ ಮಾಡಿದೆ. ಸಮಿತಿಯೆಂದರೆ ಐದು ಜನ. ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ತರು. 'ಪ್ರಥಮತಃ' ಎಂದು ಶುರು ಮಾಡದೆ ಅವರಿಗೆ ನೀರು ಕೇಳಲಿಕ್ಕೂ ಬರುತ್ತಿರಲಿಲ್ಲ. ಕಾರ್ಯದರ್ಶಿ ಒಬ್ಬ ವಕೀಲರ ಗುಮಾಸ್ತ. ಗೀಟು ಹಾಕಿದ ಪುಸ್ತಕ ಕಂಡರೆ ಅವನಿಗೆ ಹಸಿವು ನಿದ್ರೆ ಬೇಡ. ಮತ್ತಿಬ್ಬರು ಬಟ್ಟೆಯಂಗಡಿಯ ಅಣ್ಣ ತಮ್ಮ. ಅಣ್ಣ ಹೇಳಿದ್ದಕ್ಕೆ ತಮ್ಮ ಹೌದೆನ್ನುವುದು ಅವರ ಮನೆಯ ಕ್ರಮ. ಐದನೆಯವನು ನಾನು.

ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನದ ಮೇಲೆ ನಮ್ಮ ಜಗಲಿಯಲ್ಲಿ ಮೊದಲ ಸಭೆ ಸೇರಿತು. ಮಂಗಳೂರಿನ ಮೇ ತಿಂಗಳು. ಕೂತಲ್ಲೇ ಬೆವರು ಇಳಿಯುತ್ತಿತ್ತು. ಅಧ್ಯಕ್ಷರು ಇನ್ನೂ ಮೊದಲ ಪ್ರಥಮತಃದಲ್ಲಿದ್ದಾಗ ಅಮ್ಮ ಒಳಗಿನಿಂದ ತಲೆ ಎಣಿಸಿ ಬೆಲ್ಲ ನೀರು ತಂದಿಟ್ಟಳು: ಬಾಳೆಲೆಯ ಚೂರಿನಲ್ಲಿ ಬೆಲ್ಲದ ತುಂಡು, ಲೋಟದಲ್ಲಿ ನೀರು. ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳಬೇಕು: ಬೇಡಲು ಬಂದವರಿಗೆ ಅಂಗಳದ ತುದಿಯಲ್ಲಿ ಗಂಜಿ, ಮನೆಗೆ ಬಂದವರಿಗೆ ಜಗಲಿಯಲ್ಲಿ ಬೆಲ್ಲ ನೀರು. ಬೆಲ್ಲ ನೀರು ಕೊಟ್ಟ ಮೇಲೆ ಅವರು ನೆಂಟರು. ಅವರಾಗಿ ಏಳುವ ತನಕ ಏಳಿ ಎನ್ನುವಂತಿಲ್ಲ.

ಅಮ್ಮ ತಂದದ್ದು ಆರು ಲೋಟ. ಆರನೆಯದು ಚಾಪೆಯ ತುದಿಯಲ್ಲಿ ಕೂತಿದ್ದವರಿಗೆ.

ಅವರು ಯಾವಾಗ ಬಂದು ಕೂತರೋ ನಾನು ನೋಡಿರಲಿಲ್ಲ. ಪ್ರಾಯ ಐವತ್ತರ ಹತ್ತಿರ. ಮೊಣಕಾಲಿನ ತನಕ ಪಂಚೆ, ಮೇಲೆ ಕುತ್ತಿಗೆವರೆಗೆ ಗುಂಡಿ ಹಾಕಿದ ಕೋಟು. ಆ ಸೆಕೆಯಲ್ಲಿ ಕೋಟು ಹಾಕಿದವರು ಇಡೀ ಜಗಲಿಯಲ್ಲಿ ಇಬ್ಬರೇ, ಅಧ್ಯಕ್ಷರು ಮತ್ತು ಅವರು. ಅಧ್ಯಕ್ಷರ ಕಡೆಯವರಿರಬೇಕೆಂದು ನಾನು ತಿಳಿದೆ. ನನ್ನ ಕಡೆಯವರೆಂದು ಅಧ್ಯಕ್ಷರು ತಿಳಿದರು. ಅಣ್ಣ ಏನು ತಿಳಿದನೋ, ತಮ್ಮ ಅದನ್ನೇ ತಿಳಿದ.

ನಿಜ ಸಂಗತಿ ನಮಗೆ ತಿಳಿದದ್ದು ಬಹಳ ದಿನ ಕಳೆದ ಮೇಲೆ. ನೀವು ಈಗಲೇ ತಿಳಿದುಕೊಳ್ಳಿ. ಅವರು ಘಟ್ಟದ ಮೇಲೆ ಕಾಫಿ ಮೂಟೆಯ ಗಾಡಿ ಹೊಡೆಯುತ್ತಿದ್ದವರು. ಲಾರಿ ಬಂದು ಗಾಡಿಯ ಕೆಲಸ ನಿಂತ ಮೇಲೆ ಎತ್ತು ಮಾರಿ ಮಂಗಳೂರಿಗೆ ಇಳಿದಿದ್ದರು. ಬಂದು ಎರಡು ತಿಂಗಳಾಗಿತ್ತು. ಕೋಟು ತೋಟದ ದೊರೆ ಬಿಸಾಡಿದ್ದು. ಮಲಗುತ್ತಿದ್ದದ್ದು ಜೆಪ್ಪುವಿನ ಒಂದು ಮುಚ್ಚಿದ ಅಂಗಡಿಯ ಜಗಲಿಯಲ್ಲಿ. ಆ ಜಗಲಿಗೆ ಅಂಗಡಿಯವನು ಹಿಂದಿನ ದಿನವಷ್ಟೇ ಮುಳ್ಳಿನ ಬೇಲಿ ಕಟ್ಟಿಸಿದ್ದ. ಮಳೆಗೆ ಇನ್ನು ಮೂರೋ ನಾಲ್ಕೋ ವಾರ. ಅಷ್ಟರೊಳಗೆ ಅವರ ತಲೆಯ ಮೇಲೊಂದು ಮಾಡು ಸಿಗಬೇಕಿತ್ತು. ಅವರು ನಮ್ಮ ಅಂಗಳಕ್ಕೆ ಬಂದದ್ದು ಕುಡಿಯುವ ನೀರು ಕೇಳಲಿಕ್ಕೆ. ಕೇಳುವ ಮೊದಲೇ ಲೋಟ ಕೈಗೆ ಬಂತು.

"ತಾವು ಎಲ್ಲಿಯವರು?" ಎಂದು ಅಧ್ಯಕ್ಷರು ಕೇಳಿದರು.

"ಘಟ್ಟದ ಮೇಲಿನೋನು ಸ್ವಾಮಿ. ಕಾಫಿ ಕಡೆ."

ಘಟ್ಟದ ಮೇಲೆ, ಕಾಫಿ, ಕೋಟು. ಅಧ್ಯಕ್ಷರ ಕಣ್ಣಿಗೆ ಅಷ್ಟರಲ್ಲೇ ಒಂದು ತೋಟ ಕಾಣಿಸಿತೆಂದು ನನ್ನ ಅಂದಾಜು. ಅವರು ಕುಳಿತಲ್ಲೇ ಸ್ವಲ್ಪ ಬಾಗಿದರು.

ಚರ್ಚೆ ಬಿಸಿಯಾಯಿತು. ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎಂದು ಅಧ್ಯಕ್ಷರು. ಸೋಮಾರಿಗಳಾಗುತ್ತಾರೆ ಎಂದು ಅಣ್ಣ. ಹೌದು ಎಂದು ತಮ್ಮ. ಕೊಡದಿದ್ದರೆ ಕಳ್ಳರಾಗುತ್ತಾರೆ ಎಂದು ನಾನು. ಕಡೆಗೆ ಅಧ್ಯಕ್ಷರು ಚಾಪೆಯ ತುದಿಗೆ ತಿರುಗಿ, "ತಾವು ಏನಂತೀರಿ?" ಎಂದು ಕೇಳಿದರು.

ಅವರು ಹಿಂದೆ ತಿರುಗಿ ನೋಡಿದರು. ಹಿಂದೆ ಗೋಡೆ. ತಮ್ಮನ್ನೇ ಕೇಳಿದ್ದೆಂದು ಖಚಿತವಾದ ಮೇಲೆ ನಿಧಾನವಾಗಿ ಹೇಳಿದರು: "ಕೊಟ್ರೆ ಒಳ್ಳೇದು ಸ್ವಾಮಿ. ಬೈಯ್ದೆ ಕೊಟ್ರೆ ಇನ್ನೂ ಒಳ್ಳೇದು. ಮಳೆ ಹಿಡಿಯೋಕೆ ಮುಂಚೆ ಕೊಟ್ರೆ ಭಾಳ ಒಳ್ಳೇದು."

"ಎಷ್ಟು ವ್ಯಾವಹಾರಿಕ ನೋಡಿ!" ಎಂದರು ಅಧ್ಯಕ್ಷರು. ಅದೇ ಮಾತನ್ನು ನನ್ನ ಅಮ್ಮ ಹೇಳಿದ್ದರೆ ನಾವು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅಲ್ಲದೆ ಬಂದರಿನ ಗೋಡೆಯ ಪಕ್ಕ ಯಾರು ಮಲಗುತ್ತಾರೆ, ಬಿಜೈ ಕಡೆಯ ಅಶ್ವತ್ಥ ಕಟ್ಟೆಯಲ್ಲಿ ಎಷ್ಟು ಜನ, ಯಾರಿಗೆ ಕೆಮ್ಮು, ಯಾರಿಗೆ ಕಣ್ಣು ಕಾಣಿಸುವುದಿಲ್ಲ ಎಂದು ಅವರು ಬೆರಳು ಮಡಚಿ ಹೇಳತೊಡಗಿದಾಗ ಕಾರ್ಯದರ್ಶಿ ಬಾಯಿ ತೆರೆದು ಕೂತ. ಇಷ್ಟು ಅಧ್ಯಯನ ಮಾಡಿದವರು ಮಂಗಳೂರಿನಲ್ಲೇ ಇಲ್ಲ ಎಂದು ತೀರ್ಮಾನವಾಗಿ ಅವರನ್ನು ಸದಸ್ಯರನ್ನಾಗಿ ಸೇರಿಸಿಕೊಂಡೆವು. 'ವಿಚಾರಣೆ' ಎಂಬ ಖಾತೆಯನ್ನೂ ಕೊಟ್ಟೆವು.

ಇನ್ನು ಸದಸ್ಯರ ಪುಸ್ತಕ. ಕಾರ್ಯದರ್ಶಿ ತಲೆ ತಗ್ಗಿಸಿ ಗೀಟು ಹಾಕಿದ: ಹೆಸರು, ಉದ್ಯೋಗ, ಮನೆ. ಸಭೆಯ ಮಾತು, ನಿರ್ಣಯ ಎಲ್ಲ ಕನ್ನಡದಲ್ಲಾದರೂ ತಲೆ ತಗ್ಗಿದರೆ ಅವನ ಬಾಯಿಗೆ ಬರುವುದು ತುಳುವೇ. ನಮ್ಮನ್ನೆಲ್ಲ ಸಾಲಾಗಿ ಕೇಳಿಕೊಂಡು ಬಂದವನು, ಅವರ ಉದ್ಯೋಗವನ್ನು ಕೇಳದೆಯೇ 'ಕಾಫಿ' ಎಂದು ಬರೆದು, ಅದೇ ಓಟದಲ್ಲಿ ಅವರನ್ನೂ ಕೇಳಿದ:

"ಇಲ್ಲ್?"

ತುಳುವಿನಲ್ಲಿ ಇಲ್ಲ್ ಎಂದರೆ ಮನೆ. ಇದು ಘಟ್ಟದ ಮೇಲಿನವರಿಗೆ ಹೇಗೆ ಗೊತ್ತಾಗಬೇಕು?

"ಇಲ್ಲ" ಎಂದರು ಅವರು.

ಕಾರ್ಯದರ್ಶಿಗೆ ಅದು ತನ್ನ ಮಾತಿನದೇ ಮರುದನಿಯಾಗಿ ಕೇಳಿಸಿತು. ಮನೆಯೇ ಎಂದು ಕೇಳಿದರೆ ಮನೆ ಎನ್ನುತ್ತಾರಲ್ಲ ಎಂದು ಬಿಡಿಸಿ ಕೇಳಿದ: "ಇಲ್ಲ್ ಉಂಡಾ?" ಮನೆ ಉಂಟಾ, ಎಂದು.

ಅವರ ಕಿವಿಗೆ ಬಿದ್ದದ್ದು 'ಉಂಡಾ' ಮಾತ್ರ. ಊಟ ಆಯಿತೇ ಎಂದು ವಿಚಾರಿಸುತ್ತಿದ್ದಾರೆ, ಎಂಥ ಸಜ್ಜನರು ಎಂದುಕೊಂಡರಂತೆ. ಹಿಂದಿನ ದಿನ ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ. ಆದರೂ ಕೇಳಿದವರ ಮನಸ್ಸು ನೋಯಿಸಬಾರದು ನೋಡಿ.

"ಉಂಡೆ ಸ್ವಾಮಿ, ಉಂಡೆ" ಎಂದರು.

ತುಳುವಿನಲ್ಲಿ 'ಉಂಡು' ಎಂದರೆ ಉಂಟು. ಕಾರ್ಯದರ್ಶಿ ಸಂತೋಷದಿಂದ ಬರೆದ: 'ಮನೆ: ಉಂಟು.' ಬರೆದು ಮರಳು ಉದುರಿಸಿ ಶಾಯಿ ಒಣಗಿಸಿದ. ಎರಡು ಭಾಷೆ ಸೇರಿ ಒಬ್ಬ ಮನುಷ್ಯನಿಗೆ ಒಂದು ನಿಮಿಷದಲ್ಲಿ ಮನೆ ಕಟ್ಟಿಸಿಕೊಟ್ಟವು.

ಮುಂದಿನ ಮೂರು ವಾರ ನಾವು ಊರು ಸುತ್ತಿದೆವು. ದಾರಿ ತೋರಿಸುವವರು ಅವರು, ಪ್ರಶ್ನೆ ಕೇಳುವವನು ಕಾರ್ಯದರ್ಶಿ, ಕೊಡೆ ಹಿಡಿಯುವವನು ನಾನು. ಕಾರ್ಯದರ್ಶಿಯ ಬಳಿ ಹನ್ನೊಂದು ಪ್ರಶ್ನೆಗಳ ಪಟ್ಟಿಯಿತ್ತು. ಬಂದರಿನ ಗೋಡೆಯ ಪಕ್ಕ ಒಣ ಮೀನಿನ ಬುಟ್ಟಿಯ ಆಚೆ ಕೂತಿದ್ದ ಒಬ್ಬ ಅಜ್ಜಿಯನ್ನು ಅವನು ಕೇಳಿದ: "ನಿಮ್ಮ ಈ ಸ್ಥಿತಿಗೆ ಕಾರಣವೇನು?"

ಅಜ್ಜಿ ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. "ನನ್ನ ಸ್ಥಿತಿಗೆ ಎಂತ ಆಗಿದೆ? ಈ ಬಿಸಿಲಿಗೆ ಪುಸ್ತಕ ಹಿಡ್ಕೊಂಡು ತಿರುಗುವ ಸ್ಥಿತಿ ನಿಮಗೆ ಯಾಕೆ ಬಂತು, ಅದು ಹೇಳಿ."

ಕಾರ್ಯದರ್ಶಿ ಅದನ್ನು 'ಉತ್ತರ ಸಮರ್ಪಕವಾಗಿಲ್ಲ' ಎಂದು ಬರೆದ. ನಮ್ಮ ಸದಸ್ಯರು ಪುಸ್ತಕದ ಗೊಡವೆಗೆ ಹೋಗದೆ ಅಜ್ಜಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತರು. ಕೈಸನ್ನೆಯಲ್ಲೂ ಅರೆಬರೆ ಮಾತಿನಲ್ಲೂ ಏನೋ ಕೇಳಿದರು. ಹತ್ತು ನಿಮಿಷದಲ್ಲಿ ಅಜ್ಜಿಯ ಗಂಡ ದೋಣಿಯೊಡನೆ ಸಮುದ್ರದ ಪಾಲಾದದ್ದು, ಮಗಳು ಮನೆಗೆ ಸೇರಿಸದಿದ್ದದ್ದು ಎಲ್ಲ ಹೊರಬಂತು. ಇವರಿಗೆ ಬಡವರ ಮನಸ್ಸು ಹೇಗೆ ಇಷ್ಟು ಅರ್ಥವಾಗುತ್ತದೆ ಎಂದು ಹಿಂದಿರುಗುವಾಗ ನಾವಿಬ್ಬರೂ ಆಶ್ಚರ್ಯಪಟ್ಟೆವು. ತೋಟದಲ್ಲಿ ಆಳುಗಳನ್ನು ನೋಡಿಕೊಂಡ ಅನುಭವ ಎಂದು ಕಾರ್ಯದರ್ಶಿ ವಿವರಿಸಿದ. ನಾನು ತಲೆದೂಗಿದೆ.

ಅಷ್ಟರಲ್ಲಿ ಒಬ್ಬ ವ್ಯಾಪಾರಿ ಜೆಪ್ಪುವಿನಲ್ಲಿದ್ದ ತನ್ನ ಹಳೆಯ ಗಾಡಿಕೊಟ್ಟಿಗೆಯನ್ನು ನಮಗೆ ಬಿಟ್ಟುಕೊಟ್ಟ. ಆರು ಜನ ಮಲಗುವಷ್ಟು ಜಾಗ. ಒಡೆದ ಹಂಚು ತೆಗೆದು ಹೊಸ ಹಂಚು ಹೊದಿಸಿದವರು ನಮ್ಮ ಸದಸ್ಯರೇ. ಅವರು ಮೇಲೆ, ನಾವು ಐವರು ಕೆಳಗೆ ನಿಂತು ಏಣಿ ಹಿಡಿದೆವು. ತೋಟದ ಯಜಮಾನರಿಗೆ ಎಂಥ ಸರಳತೆ ಎಂದು ಅಧ್ಯಕ್ಷರ ಕಣ್ಣು ಒದ್ದೆಯಾಯಿತು. ಆಮೇಲೆ ಪಟ್ಟಿ ನೋಡಿ, ಅಂಕ ಕೊಟ್ಟು, ಆರು ಜನರನ್ನು ಆರಿಸಿದೆವು. ಅಜ್ಜಿಗೆ ಉತ್ತರ ಸಮರ್ಪಕವಾಗಿಲ್ಲವೆಂದು ಅಂಕ ಕಡಿಮೆ ಬಿದ್ದಿತ್ತು. ನಮ್ಮ ಸದಸ್ಯರು ಹಟ ಹಿಡಿದು ಅವಳನ್ನು ಸೇರಿಸಿದರು. ತಮಗೂ ಒಂದು ಜಾಗ ಬೇಕೆಂಬ ಮಾತನ್ನು ಅವರು ಎತ್ತಲೇ ಇಲ್ಲ.

ಜೂನ್ ಮೊದಲ ವಾರದಲ್ಲಿ ಕೊಟ್ಟಿಗೆಯ ಪ್ರಾರಂಭೋತ್ಸವ. ಅಧ್ಯಕ್ಷರು ಎರಡನೆಯ ಪ್ರಥಮತಃಕ್ಕೆ ಬರುವಾಗ ಸಮುದ್ರದ ಕಡೆಯಿಂದ ಮಳೆ ಇಳಿಯಿತು. ನಮ್ಮೂರ ಮಳೆ ನೋಟೀಸು ಕೊಟ್ಟು ಬರುವುದಿಲ್ಲ. ಆರು ಜನ ಒಳಗೆ ಓಡಿದರು, ನಾವು ಕೊಡೆ ಬಿಡಿಸಿದೆವು. ಅಧ್ಯಕ್ಷರು ಹೊರಡುತ್ತಾ ನಮ್ಮ ಸದಸ್ಯರ ಭುಜ ತಟ್ಟಿದರು.

"ತಾವು ಬೇಗ ಮನೆ ಸೇರಿಕೊಳ್ಳಿ. ಈ ಪ್ರಾಯದಲ್ಲಿ ನೆನೆದರೆ ಶೀತ ಆಗ್ತದೆ."

"ಆಯ್ತು ಸ್ವಾಮಿ" ಎಂದರು ಅವರು.

ರಸ್ತೆಗಿಳಿದ ಮೇಲೆ ಅವರು ಒಮ್ಮೆ ಎಡಕ್ಕೆ ನೋಡಿದರು, ಒಮ್ಮೆ ಬಲಕ್ಕೆ ನೋಡಿದರು. ನಾನು ಅದನ್ನು ನೋಡಿದ್ದೇನೆ. ನೋಡಿ ಏನೂ ಅನ್ನಿಸಲಿಲ್ಲ; ನನ್ನ ಕೊಡೆಯ ಕಡ್ಡಿ ಸಿಕ್ಕಿಕೊಂಡಿತ್ತು.

ಮರುದಿನ ಬೆಳಿಗ್ಗೆ ಅಮ್ಮ ಬೂತಾಯಿ ತರಲೆಂದು ಹೋದವಳು ಮೀನು ತಾರದೆ ಹಿಂದೆ ಬಂದಳು.

"ನಿಮ್ಮ ಸಮಿತಿಯವರು ಒಬ್ಬರು ಹಂಚಿನ ಕಾರ್ಖಾನೆಯ ಗೋಡೆಗೆ ಒರಗಿ ನಿಂತಿದ್ದಾರೆ. ಕೋಟು ತಲೆಗೆ ಹೊದ್ದುಕೊಂಡಿದ್ದಾರೆ. ರಾತ್ರಿ ಇಡೀ ಅಲ್ಲೇ ಇದ್ದದ್ದು ಅಂತ ಕಾಣ್ತದೆ."

"ಸಾಧ್ಯ ಇಲ್ಲ" ಎಂದೆ. "ಅವರಿಗೆ ಮನೆ ಉಂಟು. ಪುಸ್ತಕದಲ್ಲಿ ಬರೆದಿದೆ."

"ಪುಸ್ತಕಕ್ಕೆ ಮಳೆ ತಾಗುವುದಿಲ್ಲ ಮಾರಾಯ" ಎಂದಳು ಅಮ್ಮ. "ಅವರು ಬಂದ ದಿನವೇ ನನಗೆ ಗೊತ್ತಾಗಿತ್ತು. ನೀವೆಲ್ಲ ಬೆಲ್ಲ ಚೂರು ಬಾಯಿಗೆ ಹಾಕಿ ಉಳಿದದ್ದು ಬಿಟ್ಟಿರಿ. ಅವರು ಉಳಿದದ್ದನ್ನು ಎಲೆಯಲ್ಲಿ ಕಟ್ಟಿ ಕಿಸೆಗೆ ಹಾಕಿದರು. ಮನೆ ಇದ್ದವರು ಬೆಲ್ಲ ಕಟ್ಟಿಕೊಳ್ತಾರಾ?"

"ಮತ್ತೆ ನನಗೆ ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ಲ. ನೀವು ದೊಡ್ಡ ವಿಷಯ ಮಾತಾಡ್ತಾ ಇದ್ರಿ."

ಕೊಡೆಯನ್ನೂ ಮರೆತು ಓಡಿದೆ. ಕರೆದುಕೊಂಡು ಬಂದಾಗ ಅವರ ಹಲ್ಲು ಕಟಕಟ ಎನ್ನುತ್ತಿತ್ತು. ಅಮ್ಮ ಬಿಸಿನೀರು ಕೊಟ್ಟಳು, ನನ್ನ ಒಣ ಪಂಚೆ ಕೊಟ್ಟಳು. ಒಳಗೆ ಕೂರಿಸಿ ಮೂರು ಸಲ ಗಂಜಿ ಬಡಿಸಿದಳು.

ಅಂದು ಸಂಜೆಯೇ ತುರ್ತು ಸಭೆ. ಕಾರ್ಯದರ್ಶಿಯ ಮುಖ ಬಿಳಿಚಿತ್ತು. "ಮನೆ ಇಲ್ಲವೆಂದು ತಾವು ಮೊದಲೇ ಹೇಳಬಹುದಿತ್ತಲ್ಲ ಮಾರಾಯ್ರೇ?" ಎಂದು ಕೇಳಿದ.

"ಹೇಳ್ದೆ ಸ್ವಾಮಿ. ಮೊದಲ್ನೇ ದಿನಾನೇ ಕೇಳಿದ್ರಿ, ಇಲ್ಲ ಅಂದೆ. ಆಮೇಲೆ ಉಂಡಾ ಅಂದ್ರಿ, ಉಂಡೆ ಅಂದೆ."

ಮೊದಲು ಅಣ್ಣನಿಗೆ ನಗು ಬಂತು, ಹಿಂದಿನಿಂದ ತಮ್ಮನಿಗೂ ಬಂತು, ಕೊನೆಗೆ ಅವರೂ ನಕ್ಕರು. ಕಾರ್ಯದರ್ಶಿ ಮಾತ್ರ ನಗಲಿಲ್ಲ. ಅವನಿಗೆ ಬೇರೆಯೇ ತೊಡಕು ಕಂಡಿತ್ತು. 'ಸದಸ್ಯರು ಸಮಿತಿಯಿಂದ ಯಾವ ಪ್ರಯೋಜನವನ್ನೂ ಪಡೆಯತಕ್ಕದ್ದಲ್ಲ' ಎಂಬ ನಿಯಮವನ್ನು ಅವನೇ ಬರೆದಿದ್ದ. ಕೊಟ್ಟಿಗೆಯಲ್ಲಿ ಒತ್ತಿಕೊಂಡು ಮಲಗಿದರೆ ಏಳನೆಯವರಿಗೆ ಜಾಗವಾದೀತು. ಆದರೆ ಸದಸ್ಯರಿಗೆ ಆಗಲಾರದು. ಅವರು ರಾಜೀನಾಮೆ ಕೊಡಬೇಕು. ಕೊಟ್ಟ ಮೇಲೆ ಅರ್ಜಿ ಹಾಕಬೇಕು. ಅರ್ಜಿಯ ವಿಚಾರಣೆ ನಡೆಯಬೇಕು. ವಿಚಾರಣೆಯ ಖಾತೆ ಅವರದೇ.

"ಅವರೇ ಅವರನ್ನು ವಿಚಾರಿಸಿ ವರದಿ ಕೊಟ್ಟರೆ ಆಯಿತು" ಎಂದ ಅಣ್ಣ.

"ಹೌದು" ಎಂದ ತಮ್ಮ.

ನಗುವ ಹೊತ್ತಲ್ಲದಿದ್ದರೂ ನನಗೆ ನಗು ತಡೆಯಲಿಲ್ಲ. ಅದು ನಿಂತ ಮೇಲೆ ಒಂದು ಪ್ರಶ್ನೆ ಉಳಿಯಿತು. ಅದನ್ನು ನಾನೇ ಕೇಳಿದೆ. "ಆ ದಿನ ಭಾಷೆ ತಪ್ಪಿತು, ಸರಿ. ಆಮೇಲೆ ಮೂರು ವಾರ ನಮ್ಮ ಜೊತೆಗೇ ಇದ್ದಿರಿ. ಆಗ ಯಾಕೆ ಹೇಳಲಿಲ್ಲ?"

ಅವರು ನನ್ನ ಪಂಚೆಯ ಅಂಚನ್ನು ಬೆರಳಿಗೆ ಸುತ್ತುತ್ತಾ ಕೂತರು.

"ಈ ಊರಿಗೆ ಬಂದ್ಮೇಲೆ ನನ್ನ ಯಾರೂ ಏನೂ ಕೇಳಿರ್ಲಿಲ್ಲ ಸ್ವಾಮಿ. ಏಯ್, ಏಳು ಅನ್ನೋರು. ಆಚೆ ಹೋಗು ಅನ್ನೋರು. ಅಷ್ಟೆ. ಇಲ್ಲಿ ಬಂದು ಕೂತ್ರೆ, ತಾವು ಏನಂತೀರಿ ಅಂತ ಕೇಳಿದ್ರಿ. ಮನೆ ಇಲ್ಲ ಅಂದ್ರೆ ಆ ಕೇಳೋದು ನಿಂತೋಗುತ್ತೆ ಅಂತ ಸುಮ್ನಿದ್ದೆ."

"ಛೆ, ಛೆ! ಹಾಗೆಲ್ಲ ಉಂಟೇ?" ಎಂದರು ಅಧ್ಯಕ್ಷರು. ನಮಗೆಲ್ಲ ಬಹಳ ಬೇಸರವಾಯಿತು. ನಮ್ಮನ್ನು ಅವರು ಇಷ್ಟು ಸಣ್ಣವರೆಂದು ತಿಳಿದದ್ದಕ್ಕೆ ಸ್ವಲ್ಪ ಸಿಟ್ಟೂ ಬಂತು. ಹಾಗೇನೂ ಆಗುವುದಿಲ್ಲವೆಂದು ಐವರೂ ಮಾತು ಕೊಟ್ಟೆವು. ಅವರು ರಾಜೀನಾಮೆಗೆ ಹೆಬ್ಬೆಟ್ಟು ಒತ್ತಿ ಕೊಟ್ಟಿಗೆಯ ಏಳನೆಯವರಾಗಿ ಹೋದರು. ಅಮ್ಮ ಒಂದು ಹಳೆಯ ಚಾಪೆ ಮಡಚಿ ಕೊಟ್ಟಳು.

ಮುಂದಿನ ಭಾನುವಾರ ಮಾಮೂಲು ಸಭೆ. ಹೊರಗೆ ಮಳೆ ಸುರಿಯುತ್ತಿತ್ತು. ಅವರು ಎಂದಿನಂತೆ ಬಂದು ಚಾಪೆಯ ತುದಿಯಲ್ಲಿ ಕೂತರು. ಯಾರೂ ಬೇಡವೆನ್ನಲಿಲ್ಲ, ನಾವು ಮಾತು ಕೊಟ್ಟವರಲ್ಲವೇ! ಅಧ್ಯಕ್ಷರು ಕೊಟ್ಟಿಗೆಯ ವಿಷಯ ಎತ್ತಿಕೊಂಡರು. ಮಾಡು ಸೋರುತ್ತದೆಯೇ ಎಂದು ಕಾರ್ಯದರ್ಶಿಯನ್ನು ಕೇಳಿದರು. ಕಾರ್ಯದರ್ಶಿ ಮೊನ್ನೆ ಹೊರಗಿನಿಂದ ನೋಡಿದ್ದನಂತೆ, ಸೋರುವ ಹಾಗೆ ಕಾಣಲಿಲ್ಲವಂತೆ. ಅಲ್ಲಿಯವರು ರಾತ್ರಿ ಬೀಡಿ ಸೇದುತ್ತಾರೆಯೇ ಎಂದು ಅಣ್ಣ ತಮ್ಮನನ್ನು ಕೇಳಿದ. ಅದೇ ಮಾಡಿನ ಹಂಚು ಹೊದಿಸಿ ಅದೇ ಮಾಡಿನ ಕೆಳಗೆ ಆರು ರಾತ್ರಿ ಮಲಗಿದ ಮನುಷ್ಯ ಮೂರು ಮೊಳ ದೂರದಲ್ಲಿ ಕೂತಿದ್ದರು. ಮಾತು ಅವರ ತಲೆಯ ಮೇಲಿಂದ ಆಚೆ ಈಚೆ ಹೋಗಿ ಬರುತ್ತಿತ್ತು. ಮೊದಮೊದಲು ಅವರು ಮಾತಾಡಿದವರ ಮುಖ ನೋಡುತ್ತಿದ್ದರು. ಆಮೇಲೆ ಮಳೆ ನೋಡತೊಡಗಿದರು.

ಇದನ್ನೆಲ್ಲ ಗಮನಿಸಿ ಒಳಗೊಳಗೇ ಅಧ್ಯಕ್ಷರನ್ನೂ ಕಾರ್ಯದರ್ಶಿಯನ್ನೂ ಬೈದುಕೊಂಡವನು ನಾನು. ಆದರೆ ಹೊರಗೆ ಬಾಯಿ ತೆರೆದಾಗ ನನ್ನಿಂದ ಹೊರಟದ್ದೇನು? ಕಾರ್ಯದರ್ಶಿಯ ಕಡೆ ತಿರುಗಿ, ಹೆಬ್ಬೆರಳಿನಿಂದ ಚಾಪೆಯ ತುದಿಯನ್ನು ತೋರಿಸಿ, "ಇವನಿಗೆ ಕಂಬಳಿ ಕೊಟ್ಟಾಯಿತೇ?" ಎಂದು ಕೇಳಿದೆ.

ತಾವು ಎಂದಿದ್ದದ್ದು ಇವನು ಆಗಲಿಕ್ಕೆ ಒಂದು ವಾರ ಸಾಕಾಯಿತು.

ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಸಭೆಯ ನಡುವೆ ಒಂದು ದಿನವೂ ಮಾತಾಡಿದವಳಲ್ಲ. "ಅವರು ಅಲ್ಲೇ ಕೂತಿದ್ದಾರಲ್ಲ. ಅವರನ್ನೇ ಕೇಳು" ಎಂದಳು.

ನಾನು ತಿರುಗಿದೆ. 'ನಿನಗೆ' ಎನ್ನಲು ನಾಚಿಕೆಯಾಯಿತು. 'ನಿಮಗೆ' ಎನ್ನಲು, ಈಗಷ್ಟೇ ಇವನು ಎಂದ ಬಾಯಿ ಒಪ್ಪಲಿಲ್ಲ. ಕನ್ನಡದಲ್ಲಿ ಹೇಡಿಗಳಿಗೆ ಒಂದು ಅನುಕೂಲವಿದೆ, ಎರಡನ್ನೂ ನುಂಗಿ ಮಾತಾಡಬಹುದು.

"ಕಂಬಳಿ ಬೇಕೋ?" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಸಿಟ್ಟಿರಲಿಲ್ಲ. ಮೊದಲ ದಿನದ ಹಾಗೆ ಹಿಂದೆ ತಿರುಗಿ ಗೋಡೆ ನೋಡಲೂ ಇಲ್ಲ.

"ಯಾರಿಗೆ ಸ್ವಾಮಿ?" ಎಂದು ಕೇಳಿದರು.